ಕೋಳಿ ಬಡಿಸದ ಎಲೆ

ಬೆಳ್ಯಪ್ಪ, ಸೀತಮ್ಮ, ಕುಶಾಲು, ಈ ಹಾಳೆಗಳು ನಿಮ್ಮ ಮೂವರಿಗೆ. ನಿಮ್ಮ ಅಜ್ಜಿ ಮಾತಿನವಳಲ್ಲ ಎಂದು ನಿಮಗೆ ಗೊತ್ತು. ನಾಲ್ಕು ಜನ ಕೂತ ಕಡೆ ನನ್ನ ಗಂಟಲು ಕಟ್ಟುತ್ತದೆ. ನಾಲ್ಕನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತದ್ದು ಮಾತ್ರ ಕೈಯಲ್ಲಿ ಉಳಿದಿದೆ. ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ತುಂಬಾ ಸಿಟ್ಟು ಬಂದಿದೆ ಮಕ್ಕಳೇ.

ಮೊನ್ನೆ ಸಂಪಾಜೆಯ ಮದುವೆಯಲ್ಲಿ ನಿಮ್ಮ ಅಪ್ಪನ ಪಕ್ಕ ಊಟಕ್ಕೆ ಕೂತಿದ್ದ ಆ ಬಿಳಿ ಮೀಸೆಯ ಹಿರಿಯರನ್ನು ನೀವೂ ನೋಡಿದ್ದೀರಿ. ಈ ವರ್ಷ ನಿಮ್ಮ ಅಪ್ಪ ಸ್ವಂತ ಮನೆ ಕಟ್ಟಿದ್ದಾನೆ. ದೀಪಾವಳಿಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಮೊದಲ ಸಲ ಅಗೆಲು ಹಾಕಬೇಕು. ತೀರಿಕೊಂಡ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ಅದನ್ನು ನಡೆಸಿಕೊಡಲು ಆ ಹಿರಿಯರೇ ಬರುತ್ತಾರಂತೆ. ಅವರು ನಿಮ್ಮ ಅಪ್ಪನಿಗೆ ಹೇಳಿದ್ದು ಬಡಿಸುತ್ತಿದ್ದ ನನ್ನ ಕಿವಿಗೂ ಬಿತ್ತು.

"ನಿನ್ನ ಅಪ್ಪಂಗೆ ಒಂದ್ ಎಲೆ, ಅಜ್ಜಂಗೆ ಒಂದ್ ಎಲೆ, ಮೇಲಿನವ್ಕೆ ಒಂದೊಂದ್. ಆ ಮುದ್ಕಿನ ಹೆಸರ್ ಮಾತ್ರ ಎತ್ತಿಕೆ ಹೋಗ್ಬೇಡ. ಅದರ ನಾಲಿಗೆನೇ ಅಲಾ ಆ ದೊಡ್ಡ ಮನೆನ ತಿಂದದ್!"

ನಿಮ್ಮ ಅಪ್ಪ "ಆತ್ ಮಾವ" ಎಂದ. ಅವನ ತಪ್ಪಲ್ಲ. ಅವನಿಗೆ ನಾನು ಎಲ್ಲವನ್ನೂ ಹೇಳಿಲ್ಲ. ದಾರಿಯಲ್ಲಿ ಬೆಳ್ಯಪ್ಪ ಕೇಳಿದ, "ಅಜ್ಜಿ, ಯಾವ ಮುದ್ಕಿ?" ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ಅವರು ನಿಮ್ಮ ಅಜ್ಜನ ಸೋದರತ್ತೆ, ಅಂದರೆ ನನ್ನ ಮಾವನ ತಂಗಿ. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಒಂಬತ್ತು ವರ್ಷಕ್ಕೆ ಮದುವೆ, ಹನ್ನೊಂದಕ್ಕೆ ಗಂಡ ಸತ್ತು ತವರಿಗೆ ವಾಪಸು. ಅಲ್ಲಿಂದ ಮುಂದೆ ನಲವತ್ತೈದು ವರ್ಷ ಆ ದೊಡ್ಡ ಮನೆಯ ಒಲೆಯ ಮುಂದೆ. ಕುಳ್ಳಗಿದ್ದರು. ಸೀರೆಯನ್ನು ಮೊಣಕಾಲಿನಿಂದ ಸ್ವಲ್ಪ ಕೆಳಗೆ ಎತ್ತಿ ಕಟ್ಟುತ್ತಿದ್ದರು. ಕೆನ್ನೆಯಲ್ಲಿ ಹೊಗೆಸೊಪ್ಪು ಯಾವಾಗಲೂ ಇರುತ್ತಿತ್ತು. ಯಾರೇ ಬಂದರೂ ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಮುಖ. "ಮುಖ ತೊಳ್ಕಂಡ್ ಬಂದವೆ, ಕಾಲ್ ಎಲ್ಲಿಂದ ಬಾತ್ ಹೇಳಿ ಕಾಲೇ ಹೇಳ್ದೆ" ಎನ್ನುತ್ತಿದ್ದರು. ಮುಖ ಮರೆಮಾಚುತ್ತದೆ, ಕಾಲು ಮರೆಮಾಚುವುದಿಲ್ಲ ಎಂದು ಅದರ ಅರ್ಥ.

ನಾನು ಮದುವೆಯಾಗಿ ಹೋದ ದಿನ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಾಗ ಅವರು ಆಡಿದ ಮೊದಲ ಮಾತು: "ಓದಿದ ಗೂಡೆನ ತಂದೊಳೊ? ನಮ್ಮ ಒಲೆಗೆ ಓದಿಕೆ ಬಾದಿಲ್ಲೆ ಗೂಡೆ, ಊದಿಕೆ ಬಂದದೆನಾ ನೋಡ್." ಹುಡುಗಿ ಎನ್ನುವುದಕ್ಕೆ ನಮ್ಮ ಕಡೆ ಗೂಡೆ, ಹುಡುಗನಿಗೆ ಹೈದ, ಇದೆ ಎನ್ನುವುದಕ್ಕೆ ಉಟ್ಟು ಎನ್ನುವುದು ನಿಮಗೆ ಗೊತ್ತಲ್ಲ. ಕೊನೆಯವರೆಗೂ ನಾನು ಅವರಿಗೆ ಗೂಡೆಯೇ. ನನ್ನ ತಲೆ ಅರ್ಧ ನರೆತ ಮೇಲೂ.

ಅವರ ಒಂದು ಗುಣ ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಅವರು ದಿನವಿಡೀ ಕೂಗಾಡುತ್ತಿದ್ದರು. ನಾಯಿಗೆ, ಆಳಿಗೆ, ಹೊಗೆಗೆ, ಎಲ್ಲರಿಗೂ ಬೈಗುಳ. ಆದರೆ ನಿಜವಾಗಿ ಸಿಟ್ಟು ಬಂದಾಗ ಅವರ ದನಿ ಇಳಿದುಬಿಡುತ್ತಿತ್ತು. ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಕೂಗಿದರೆ ಏನೂ ಇಲ್ಲ. ದನಿ ಇಳಿದರೆ ಮನೆಯ ಗಂಡಸರೂ ಎದ್ದು ಅಂಗಳಕ್ಕೆ ಹೋಗುತ್ತಿದ್ದರು.

ನಿಮ್ಮ ಅಜ್ಜ ಅವರ ಕೈಯಲ್ಲಿ ಬೆಳೆದವರು. ನಿಮ್ಮ ಅಜ್ಜನಿಗೆ ಏಳೆಂಟು ವರ್ಷವಿದ್ದಾಗ ಒಂದು ಕೆಂಪು ಹುಂಜ ಸಾಕಿದ್ದರಂತೆ. ಅದು ಅವರ ಹಿಂದೆಯೇ ಗದ್ದೆಗೆ ಹೋಗಿ ಹಿಂದೆಯೇ ಬರುತ್ತಿತ್ತಂತೆ. ಒಂದು ವರ್ಷ ಅಗೆಲಿಗೆ ಕೋಳಿ ಸಾಲದೆ ಅದನ್ನೇ ಕೊಯ್ದರು. ಹುಡುಗನಿಗೆ ಹೇಳದೆ ಬಡಿಸಿದರು. ಉಂಡ ಮೇಲೆ ಗೊತ್ತಾಯಿತು. ಅಂದಿನಿಂದ ನಿಮ್ಮ ಅಜ್ಜ ಕೋಳಿ ಮುಟ್ಟಲಿಲ್ಲ. ಗೌಡರ ಮನೆಯಲ್ಲಿ ಹುಟ್ಟಿ ಕೋಳಿ ತಿನ್ನದವನೆಂದು ನೆಂಟರೆಲ್ಲ ನಗುತ್ತಿದ್ದರು. ಮನೆಯಲ್ಲಿ ಕೋಳಿ ಬೆಂದ ದಿನ ಅತ್ತೆ ಬೈಯುತ್ತಲೇ ಹೊಳೆಗೆ ಆಳು ಕಳಿಸಿ ಏಡಿ ತರಿಸಿ ಅವರಿಗೆ ಬೇರೆ ಸಾರು ಮಾಡುತ್ತಿದ್ದರು. "ಇವಂಗೆ ಒಂದ್ ಬೇರೆ ಮಡಿಕೆ! ದೊರೆ ಮಗ!"

ದೊಡ್ಡ ಮನೆ ಎಂದರೆ ನಿಜವಾಗಿಯೂ ದೊಡ್ಡದು. ಗದ್ದೆಯಿತ್ತು, ಕಿತ್ತಳೆ ಇತ್ತು, ಮೇಲೆ ಏಲಕ್ಕಿಯ ಮಲೆ ಇತ್ತು. ಮಾವ ತೀರಿಕೊಂಡ ಮೇಲೆ ಮಲೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಬಂತು. ನನ್ನ ಭಾವ ಹಿರಿಯರು, ಯಜಮಾನರು. ನಿಮ್ಮ ಅಜ್ಜ ಕಿರಿಯರು. ಇಬ್ಬರ ರುಜುವಿಲ್ಲದೆ ಮಲೆ ಮಾರುವಂತಿರಲಿಲ್ಲ.

ಭಾವನಿಗೆ ಒಂದು ಆಸೆ ಹತ್ತಿತ್ತು. ಮಡಿಕೇರಿಯಲ್ಲಿ ಸಾಹೇಬರು ಸೇರುವ ಕಡೆ ಕುರ್ಚಿಯಲ್ಲಿ ಕೂರಬೇಕು. ನಿಂತು ಕೈ ಮುಗಿಯುವವರ ಸಾಲಿನಲ್ಲಿ ಅಲ್ಲ. ಅದಕ್ಕೆ ಕೋಟು ಬೇಕು, ಕುದುರೆಗಾಡಿ ಬೇಕು, ಮಹಡಿ ಬೇಕು. ಒಬ್ಬ ಬಿಳಿಯ ದೊರೆಗೆ ನಮ್ಮ ಮಲೆಯ ಮೇಲೆ ಕಣ್ಣಿತ್ತು. ಭಾವ ಮಾರಲು ಹೊರಟರು. ನಿಮ್ಮ ಅಜ್ಜ ಒಪ್ಪಲಿಲ್ಲ. "ಅಪ್ಪ ನೆಟ್ಟ ಮಲೆ ಅಣ್ಣ. ನನ್ನ ಹೈದಂಗೂ ಅದೇ ಇರದ್" ಎಂದರು. ನಿಮ್ಮ ಅಪ್ಪ ಆಗ ನನ್ನ ಸೊಂಟದ ಮೇಲಿದ್ದ ಒಂದು ವರ್ಷದ ಕೂಸು.

ಬೇಸಿಗೆಯಲ್ಲಿ ಒಂದು ದಿನ ಅಣ್ಣ ತಮ್ಮ ಇಬ್ಬರೂ ಮಲೆಗೆ ಹೋದರು. ಅಣ್ಣ ಒಬ್ಬರೇ ಬಂದರು. "ಅಂವ ಸಿಲೋನ್‌ಗೆ ಹೋದ. ಎಸ್ಟೇಟ್‌ಲಿ ರೈಟರ್ ಕೆಲಸ ಉಟ್ಟಂತೆ. ಜಗಳ ಮಾಡಿ ಅತ್ತಂದ ಅತ್ತ ಹೋದ" ಎಂದರು.

ಎರಡು ತಿಂಗಳಿಗೆ ಸಿಲೋನಿನಿಂದ ಕಾಗದವೂ ಬಂತು. ಭಾವ ಜಗಲಿಯಲ್ಲಿ ಕೂತು ಓದಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಕ್ಷೇಮವಾಗಿದ್ದೇನೆ, ಮಲೆ ಮಾರಲು ನನ್ನ ಒಪ್ಪಿಗೆ ಇದೆ, ರುಜು ಹಾಕಿ ಕಳಿಸಿದ್ದೇನೆ. ನನ್ನ ಬಗ್ಗೆ ಒಂದು ಅಕ್ಷರವಿಲ್ಲ, ಮಗನ ಬಗ್ಗೆ ಒಂದು ಅಕ್ಷರವಿಲ್ಲ. ಅತ್ತೆ ಒಳಗಿನಿಂದಲೇ ಕೂಗಿದರು, "ಆ ಕಾಗದ ಇತ್ತ ಕೊಡ್ ಮಗ, ಗೂಡೆಗೆ ಓದಿಕೆ ಬಂದದೆ, ಅದೇ ಓದ್ಲಿ." ಭಾವ "ಗಂಡಸರ ವ್ಯವಹಾರದ ಕಾಗದ ಅದ್" ಎಂದು ಮಡಿಚಿ ಕೋಟಿನ ಒಳಗಿಟ್ಟರು. ಆಮೇಲೂ ಆಗಾಗ ಒಂದೊಂದು ಕಾಗದ ಬರುತ್ತಿತ್ತು. ಮಲೆ ದೊರೆಯ ಪಾಲಾಯಿತು. ಭಾವನಿಗೆ ಕುರ್ಚಿ ಸಿಕ್ಕಿತು, ಮನೆಗೆ ಮಹಡಿ ಬಂತು. ಊರವರು ಅವರನ್ನು ನೋಡಿದರೆ ಚಪ್ಪಲಿ ಬಿಡತೊಡಗಿದರು.

ನಾನು ಏನು ತಿಳಿದುಕೊಂಡೆ ಗೊತ್ತೇ? ನನ್ನಲ್ಲಿ ಏನೋ ಕೊರತೆಯಿದ್ದುದರಿಂದ ಬಿಟ್ಟುಹೋದರು ಎಂದು. ಹೆಂಗಸರು ನೀರಿನ ಹತ್ತಿರ ನನ್ನನ್ನು ಕಂಡರೆ ಸಿಲೋನಿನ ತಮಿಳು ಹೆಂಗಸರ ಚಂದ ಮಾತಾಡುತ್ತಿದ್ದರು. ನಿಮ್ಮ ಅಪ್ಪ ದೊಡ್ಡವನಾದ ಮೇಲೂ ಕೆಲವರ ಬಾಯಲ್ಲಿ ಸಿಲೋನಿನವನ ಮಗನೇ ಆಗಿದ್ದ.

ಆ ವರ್ಷದ ದೀಪಾವಳಿ ಬಂತು. ಎಲೆ ಕೊಯ್ಯುವುದು, ಅಡಿಗೆ, ಬಡಿಸುವುದು ಎಲ್ಲ ಅತ್ತೆಯದೇ. ಆ ಮನೆಯ ಹಿರಿಯರಿಗೆ ಏಳು ಎಲೆ. ಯಾವ ಎಲೆಗೆ ಕಳ್ಳು, ಯಾವುದಕ್ಕೆ ಹುರಿದ ಒಣಮೀನು, ಯಾವುದಕ್ಕೆ ಖಾರ ಕಡಿಮೆ, ಅವರಿಗೆ ಬಾಯಿಪಾಠ. ಕೋಳಿ ಸಾರು ಮತ್ತು ಕಡುಬು ಎಲ್ಲ ಎಲೆಗೂ ಇದ್ದದ್ದೇ. ಭಾವ ಒಳಗೆ ಬಂದು ಹೇಳಿದರು, "ಈ ವರ್ಷ ಎಂಟ್ ಎಲೆ ಹಾಕಿ."

"ಏಳೇ ಅಲಾ ಇರದ್?"

"ದಿಕ್ಕಿಲ್ಲದವ್ಕೆ ಒಂದ್ ಇರ್ಲಿ." ಹೊರಡುವವರು ತಿರುಗಿ ನಿಂತರು. "ಆ ಎಲೆಗೆ ಕೋಳಿ ಬೇಡ. ಏಡಿ ಹಾಕಿ."

ಅತ್ತೆಯ ಕೈಯಲ್ಲಿ ಸೌಟಿತ್ತು. ಅದರಿಂದ ಸಾರು ತೊಟ್ಟಿಕ್ಕಿ ಅವರ ಕಾಲಿನ ಮೇಲೆ ಬಿತ್ತು. ಬಿಸಿ ಸಾರು. ಅವರು ಕಾಲು ಸರಿಸಲಿಲ್ಲ. ನಾನು ಕಂಡೆ. ಕಂಡು "ಅತ್ತೆ, ಕಾಲು" ಎಂದೆ. ಅಷ್ಟೇ. ಕೋಳಿ ತಿನ್ನದವನು ಆ ಮನೆಯಲ್ಲಿ ಒಬ್ಬನೇ ಹುಟ್ಟಿದ್ದ, ಅವನು ನನ್ನ ಗಂಡ. ನನಗೆ ಹೊಳೆಯಲಿಲ್ಲ. ಈ ನಾಚಿಕೆ ನನ್ನ ಜೊತೆಗೇ ಹೋಗುತ್ತದೆ.

ಭಾವ ಯಾಕೆ ಹಾಗೆ ಮಾಡಿದರು ಎಂದು ನೀವು ಕೇಳಬಹುದು. ಸುಳ್ಳು ರುಜು ಹಾಕಿಸಲು ಹೆದರದವರು, ತಮ್ಮನನ್ನು ಕೊಲ್ಲಲು ಹೆದರದವರು, ಹಸಿದ ಸತ್ತವನಿಗೆ ಹೆದರಿದರು. ಅಗೆಲಿಲ್ಲದೆ ಬಿಟ್ಟರೆ ಸತ್ತವನು ಮನೆಯ ಸುತ್ತ ಸುಳಿಯುತ್ತಾನೆ, ಕೊಟ್ಟಿಗೆಯಲ್ಲಿ ದನ ಸಾಯುತ್ತದೆ, ಮಕ್ಕಳಿಗೆ ಜ್ವರ ಬರುತ್ತದೆ ಎಂದು ನಾವೆಲ್ಲ ನಂಬಿ ಬೆಳೆದವರು. ಅವರೂ ಅದೇ ಮನೆಯಲ್ಲಿ ಬೆಳೆದವರಲ್ಲವೇ? ಕೋಟು ಹಾಕಿಕೊಂಡರೂ ಆ ನಂಬಿಕೆ ಕಳಚಲಿಲ್ಲ. ತಾವೇ ಕೊಂದ ತಮ್ಮನಿಗೆ ಊಟ ಹಾಕಬೇಕಾಯಿತು, ಅದೂ ಅವನಿಗೆ ಒಗ್ಗುವ ಊಟವನ್ನು.

ಅದಾಗಿ ಒಂದು ವಾರಕ್ಕೆ ಅತ್ತೆ ನನ್ನ ಮೇಲೆ ಬಿದ್ದರು. ಅಂಗಳದಲ್ಲಿ ಆಳುಗಳಿದ್ದರು, ಭಾವ ಜಗಲಿಯಲ್ಲಿದ್ದರು. ಅತ್ತೆ ನನ್ನ ಕೈ ಹಿಡಿದು ಎಳೆದು ಹೊರಗೆ ತಂದು, ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದರು.

"ನನ್ನ ತುಪ್ಪದ ಭರಣಿಗೆ ಕೈ ಹಾಕ್ದೆ ಅಲಾ, ಕಳ್ಳಿ! ಗಂಡ ಬುಟ್ಟ್ ಹೋದ್ ಸುಮ್ಮನೆ ಅಲ್ಲ! ಹೋಗ್ ನಿನ್ನ ಅಪ್ಪನ ಮನೆಗೆ! ಆ ಹೈದನೂ ಕಟ್ಟಿಕಂಡ್ ಹೋಗ್! ಇನ್ನೊಂದ್ ದಿನ ಇಲ್ಲಿ ಕಂಡರೆ ಸೌದೆಲಿ ಬಡ್ದನೆ!"

ನಾನು ತುಪ್ಪ ಮುಟ್ಟಿರಲಿಲ್ಲ. ಅಳುತ್ತಾ ಮಗುವನ್ನು ಎತ್ತಿಕೊಂಡು ಅಣ್ಣನ ಮನೆಗೆ ನಡೆದೆ. ಒಂದು ವರ್ಷ ಆ ಮುದುಕಿಗೆ ದಿನವೂ ಶಾಪ ಹಾಕಿದೆ. ಅವರು ಕೂಗಿದ್ದರು, ದನಿ ಇಳಿಸಿರಲಿಲ್ಲ ಎಂಬುದನ್ನು ಆಗ ಯೋಚಿಸಲಿಲ್ಲ. ನಿಮ್ಮ ಅಜ್ಜನ ಪಾಲಿಗೆ ನಿಮ್ಮ ಅಪ್ಪನೇ ವಾರಸುದಾರ. ಅವನು ಆ ಮನೆಯಲ್ಲಿ ಬೆಳೆಯುವಂತಿರಲಿಲ್ಲ. ನಮ್ಮಿಬ್ಬರನ್ನು ಭಾವನ ಕಣ್ಣೆದುರಿನಿಂದಲೇ ಕಳಿಸಬೇಕು, ಭಾವನಿಗೆ ಅನುಮಾನವೂ ಬರಬಾರದು. ಅದಕ್ಕೆ ಅತ್ತೆಗೆ ಸಿಕ್ಕಿದ್ದು ಒಂದು ತುಪ್ಪದ ಭರಣಿ.

ಮುಂದಿನ ಮಳೆಗಾಲದಲ್ಲಿ ದೊಡ್ಡ ಮನೆಯ ರೈಟರ್ ಸತ್ತ. ಮನೆಯ ಪತ್ರಗಳನ್ನೆಲ್ಲ ಬರೆಯುತ್ತಿದ್ದವನು. ಹೊಳೆಗೆ ಅಡ್ಡ ಹಾಕಿದ ಮರದ ಪಾಲದಿಂದ ಬಿದ್ದನೆಂದರು. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ದಾಟಿದ ಪಾಲ. ಅವನು ಸತ್ತ ಮೇಲೆ ಸಿಲೋನಿನಿಂದ ಕಾಗದ ಬರುವುದು ನಿಂತಿತು. ಅಕ್ಷರ ಬಾರದ ಅತ್ತೆಗೆ ಅದು ತಿಳಿಯಿತು, ಊರಿನ ಓದಿದವರಿಗೆ ತಿಳಿಯಲಿಲ್ಲ. ಆಮೇಲೆ ಒಂದು ದಿನ ನನಗೆ ಹೇಳಿದರು, "ಇಲ್ಲಿ ಒಬ್ಬ ಪಾಲಂದ ಬಿದ್ದರೆ, ಸಿಲೋನ್‌ಲಿ ಇರವಂಗೆ ಬರಿಯಕೆ ಮರ್ತ್‌ಹೋತಾ?" ಇನ್ನೊಂದನ್ನೂ ಅವರು ಗುರುತು ಹಾಕಿಕೊಂಡಿದ್ದರು. ಮಲೆಯ ಬುಡದಲ್ಲಿ, ಮಾರದೆ ಉಳಿಸಿಕೊಂಡ ತುಂಡು ಏಲಕ್ಕಿ ತೋಟದಲ್ಲಿ, ಏಲಕ್ಕಿ ಒಣಗಿಸುವ ಕಲ್ಲುಗೋಡೆಯ ಗೂಡಿತ್ತು. ಅದು ಗಟ್ಟಿಯಾಗಿಯೇ ಇತ್ತು. ನಿಮ್ಮ ಅಜ್ಜ ಕಾಣೆಯಾದ ವರ್ಷವೇ ಭಾವ ಅದಕ್ಕೆ ಬೀಗ ಹಾಕಿಸಿ ಬೇರೆ ಗೂಡು ಕಟ್ಟಿಸಿದರು. ಒಂದು ಬುಟ್ಟಿ ಹೊಸತು ಕೊಳ್ಳಲೂ ಲೆಕ್ಕ ಹಾಕುವ ಮನುಷ್ಯ.

ಎರಡನೇ ದೀಪಾವಳಿಗೆ ಅತ್ತೆ ನನಗೆ ಆಳು ಕಳಿಸಿದರು. "ಹೈದನ ಕರ್ಕಂಡ್ ಅಗೆಲಿಗೆ ಬಾ" ಎಂದಷ್ಟೇ. ನಾನು ಹೋಗುವುದಿಲ್ಲ ಎಂದೆ. ನನ್ನ ಅಣ್ಣ ಬೈದು ಕರೆದುಕೊಂಡು ಹೋದ. ನೆಂಟರೆಲ್ಲ ಸೇರಿದ್ದರು. ಮದುವೆಯಲ್ಲಿ ನೀವು ಕಂಡ ಆ ಹಿರಿಯರೂ ಇದ್ದರು, ಆಗ ಮೀಸೆ ಕಪ್ಪಗಿತ್ತು. ಅತ್ತೆ ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದರು.

ಸಂಜೆ ದೀಪ ಹಚ್ಚಿ ಎಂಟು ಎಲೆ ಹಾಕಿದರು. ಗಂಡಸರೆಲ್ಲ ಬಾಗಿಲ ಬಳಿ ನಿಂತಿದ್ದರು. ಅತ್ತೆ ಒಂದೊಂದೇ ಎಲೆಗೆ ಕಡುಬು ಇಟ್ಟು, ಕೋಳಿ ಸಾರು ಹಾಕುತ್ತಾ ಬಂದರು. ಒಂದು, ಎರಡು, ಏಳು. ಎಂಟನೆಯ ಎಲೆಗೂ ಬಗ್ಗಿ, ಸೌಟು ತುಂಬ ಕೋಳಿ ಹಾಕಿದರು.

ಭಾವ ಕಿರುಚಿದರು. "ಅದಕ್ಕೆ ಯಾಕೆ ಹಾಕ್ದೆ! ತೆಗಿ! ಅಂವ ಕೋಳಿ ತಿನ್ನಿಕಿಲ್ಲೆ!" ಎಂದವರೇ ಮುಂದೆ ಬಂದು, ಆ ತುಂಡುಗಳನ್ನು ಬರಿಗೈಯಲ್ಲಿ ಬಾಚಿ ತೆಗೆಯಲು ಶುರುಮಾಡಿದರು. ಕೋಟಿನ ತೋಳೆಲ್ಲ ಸಾರು.

ಅತ್ತೆ ನೆಟ್ಟಗೆ ನಿಂತರು. ಅವರ ದನಿ ಇಳಿಯಿತು.

"ಯಾವಂವ?"

ಭಾವನ ಕೈ ನಿಂತಿತು.

"ಯಾವಂವ ಮಗ, ಕೋಳಿ ತಿನ್ನದವ? ಹೆಸರ್ ಹೇಳಿ ಕರಿ. ಹೆಸರ್ ಕರಿಯದೆ ಎಲೆಗೆ ಯಾರೂ ಬಾದಿಲ್ಲೆ. ನೀನೇ ಯಜಮಾನ ಅಲಾ, ಕರಿ."

ಬಾಗಿಲ ಹತ್ತಿರ ನಿಂತವರಿಗೆಲ್ಲ ಅರ್ಥವಾಯಿತು ಮಕ್ಕಳೇ. ನನಗೂ ಆಯಿತು. ನಿಮ್ಮ ಅಪ್ಪನನ್ನು ಸೊಂಟಕ್ಕೆ ಎತ್ತಿಕೊಂಡೆ. ಅಷ್ಟು ಗಂಡಸರು, ಪಂಚಾಯಿತಿ ಮಾಡುವವರು, ಊರಿಗೆ ನ್ಯಾಯ ಹೇಳುವವರು, ಒಬ್ಬರಾದರೂ ಆ ಮನುಷ್ಯನ ಕೈ ಹಿಡಿದರೇ? ಇಲ್ಲ. ಆ ಕಪ್ಪು ಮೀಸೆಯವರು ಮುಂದೆ ಬಂದು ಹೇಳಿದರು, "ಮನೆ ಮಾತ್ ಮನೆಲೇ ಇರ್ಲಿ. ಮೊದ್ಲು ಕೆಲಸ ಮುಗ್ಸಿ, ಊಟ ಮಾಡ್ನೊ." ಬಾಗಿಲು ಮುಚ್ಚಿದರು. ತೆಗೆದರು. ಸಾಲಾಗಿ ಕೂತು ಉಂಡರು. ಆ ಮೀಸೆಯವರು ಕೋಳಿ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಬಡಿಸಿದ್ದು ನಾನು, ಮರೆತಿಲ್ಲ. ಈಗ ಅವರು ಹೇಳುತ್ತಾರೆ, ಮನೆಯನ್ನು ತಿಂದದ್ದು ಮುದುಕಿಯ ನಾಲಿಗೆ ಎಂದು!

ಮಾರನೆಯ ದಿನ ಬೆಳಕು ಹರಿಯುವಾಗ ಅತ್ತೆ, ನಾನು, ನನ್ನ ಅಣ್ಣ ಮಡಿಕೇರಿಯ ಕಡೆಗೆ ಘಾಟಿ ಹತ್ತಿದೆವು. ನಿಮ್ಮ ಅಪ್ಪ ಒಮ್ಮೆ ಅಣ್ಣನ ಹೆಗಲ ಮೇಲೆ, ಒಮ್ಮೆ ಅತ್ತೆಯ ಸೊಂಟದ ಮೇಲೆ. ದಾರಿಯುದ್ದಕ್ಕೂ ಅತ್ತೆ ಕಲ್ಲಿಗೆ, ಬಿಸಿಲಿಗೆ, ನನ್ನ ನಡಿಗೆಗೆ ಬೈದರು. ತುಪ್ಪದ ಮಾತು ಎತ್ತಲಿಲ್ಲ. ಒಂದು ಕಡೆ ನೀರು ಕುಡಿಯಲು ಕೂತಾಗ ಮಾತ್ರ, "ನೀ ತುಪ್ಪ ಮುಟ್ಟಿಲ್ಲೆ ಹೇಳಿ ನಂಗೆ ಗೊತ್ತುಟ್ಟು. ನೀ ಕದಿಯಕೂ ನಾಚ್ತಿಯ" ಎಂದರು. ಕ್ಷಮೆ ಕೇಳಿದ್ದು ಅಷ್ಟೇ.

ಠಾಣೆಯಲ್ಲಿ ದಫೇದಾರ ನಕ್ಕ. "ಏನಜ್ಜಿ, ಬಾಳೆಲೆ ಬಂದು ಸಾಕ್ಷಿ ಹೇಳುತ್ತದಾ?"

"ಎಲೆ ಹೇಳದಿಲ್ಲೆ, ನಾ ಹೇಳ್ನೆ. ನೀ ಬರ್ಕ. ನಿಂಗೆ ಬರಿಯಕೆ ಬಾದಿಲ್ಲೆ ಹೇಳಿರೆ ಈ ಗೂಡೆ ಬರ್ದದೆ. ನಾಲ್ಕನೇ ಕ್ಲಾಸ್ ಓದಿಯುಟ್ಟು."

ಅವನು ಬರೆಯಲಿಲ್ಲ. ನಾವು ಹೊರಗೆ ಮರದ ಕೆಳಗೆ ಕೂತು, ಅತ್ತೆ ಹೇಳುತ್ತಾ ಹೋದರು, ನಾನು ಬರೆದೆ. ಎಲೆ, ಕೋಳಿ, ಪಾಲ, ಕಾಗದ, ಬೀಗ ಹಾಕಿದ ಗೂಡು. ಅಕ್ಷರ ಸೊಟ್ಟವಾದರೆ ತಲೆಗೆ ಮೊಟಕಿದರು, ಓದಲು ಬಾರದಿದ್ದರೂ. ಕೊನೆಗೆ ಅವರು ಹೆಬ್ಬೆಟ್ಟು ಒತ್ತಿದರು, ನಾನು ರುಜು ಹಾಕಿದೆ. ಜೀವನದಲ್ಲಿ ನನ್ನ ಪೂರ್ತಿ ಹೆಸರನ್ನು ನಾನು ಬರೆದದ್ದು ಅದೇ ಮೊದಲು. ಸಾಹೇಬರ ಬಂಗಲೆಯ ಗೇಟಿನಲ್ಲಿ ಅತ್ತೆ ಎರಡು ದಿನ ಕೂತರು. ಮೂರನೆಯ ದಿನ ಸಾಹೇಬರೇ ಗಾಡಿ ನಿಲ್ಲಿಸಿ ಅರ್ಜಿ ತೆಗೆದುಕೊಂಡರು.

ಪೊಲೀಸರು ಬಂದು ಆ ಗೂಡಿನ ನೆಲ ಅಗೆದರು. ನಾನು ಒಳಗೆ ಹೋಗಲಿಲ್ಲ. ಒಂದು ಬೆಳ್ಳಿಯ ಉಡಿದಾರ ತಂದು ನನ್ನ ಎದುರು ಹಿಡಿದರು. ಅದರ ಕೊಂಡಿ ಮುರಿದು, ಮದುವೆಯಾದ ವರ್ಷ ನಾನೇ ತಾಮ್ರದ ತಂತಿ ಸುತ್ತಿ ಕೊಟ್ಟಿದ್ದೆ. ತಂತಿ ಹಸಿರಾಗಿತ್ತು. ಸುತ್ತು ನನ್ನದೇ.

ನನಗೆ ಅಳು ಬರಲಿಲ್ಲ. ಒಂದೂವರೆ ವರ್ಷ ಬಿಟ್ಟುಹೋದವನೆಂದು ಬೈದುಕೊಂಡಿದ್ದ ಗಂಡ ಎಲ್ಲಿಗೂ ಹೋಗಿರಲಿಲ್ಲ. ಅತ್ತೆ ನನ್ನ ಪಕ್ಕ ಕೂತು, ಬಳೆ ತೆಗೆಯಲು ಬಂದ ಹೆಂಗಸರನ್ನು ಓಡಿಸಿ, ಮೆಲ್ಲಗೆ ಅಂದರು, "ಈಗ ಅಳ್ ಗೂಡೆ. ಈಗ ನಿಂಗೆ ಅಳಿಕೆ ಗಂಡ ಉಟ್ಟು."

ಮಿಕ್ಕಿದ್ದನ್ನು ಊರೇ ಬೇಕಾದಷ್ಟು ಹೇಳುತ್ತದೆ. ಭಾವ ಮಡಿಕೇರಿಯ ಜೈಲಿನಲ್ಲಿ, ತೀರ್ಪು ಬರುವ ಮೊದಲೇ, ಒಂದು ಬೆಳಿಗ್ಗೆ ಸತ್ತಿದ್ದರು. ಎದೆ ನಿಂತಿತು ಎಂದು ಕೆಲವರು, ಮನೆಯಿಂದ ಹೋದ ಬುತ್ತಿಯಲ್ಲಿ ಏನೋ ಇತ್ತು ಎಂದು ಕೆಲವರು. ಬುತ್ತಿ ಕಟ್ಟುತ್ತಿದ್ದದ್ದು ಅವರ ಹೆಂಡತಿ. ಆಕೆ ತವರಿಗೆ ಹೋದವರು ಮತ್ತೆ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ನಾನು ಅತ್ತೆಯನ್ನು ಕೇಳಿದ್ದೆ. "ಅದರ ಒಲೆ, ಅದರ ಬುತ್ತಿ. ನಂಗೆ ಕೇಳ್ಬೇಡ" ಎಂದರು. ರುಜು ಸುಳ್ಳೆಂದು ಕೋರ್ಟು ಒಪ್ಪಿತು, ಆದರೆ ದೊರೆ ತಿಳಿಯದೆ ಕೊಂಡವನೆಂದು ಮಲೆ ಅವನಿಗೇ ಉಳಿಯಿತು. ಕೊಂದವನಿಗೆ ಕುರ್ಚಿ ಕೊಟ್ಟ ಸಾಹೇಬರೇ ಕೊಲೆಯ ಮಾಲನ್ನು ದೊರೆಗೆ ಉಳಿಸಿಕೊಟ್ಟರು. ಗದ್ದೆಗೆ ದಾಯಾದಿಗಳು ಕಚ್ಚಾಡಿದರು. ಮಹಡಿಯ ತೊಲೆಗಳನ್ನು ಬಿಚ್ಚಿ ಸಾಗಿಸಿದರು, ಅವುಗಳಲ್ಲಿ ಎರಡು ಆ ಬಿಳಿ ಮೀಸೆಯವರ ಜಗಲಿಯಲ್ಲಿವೆ. ಹೋದಾಗ ತಲೆಯೆತ್ತಿ ನೋಡಿ.

ಅತ್ತೆ ನನ್ನ ಜೊತೆ ಅಣ್ಣನ ಮನೆಗೆ ಬಂದರು. ಹದಿನಾರು ವರ್ಷ ಅಲ್ಲಿಯ ಒಲೆಯನ್ನೂ ಊದಿದರು. ನಿಮ್ಮ ಅಪ್ಪನಿಗೆ ಏಡಿ ಹಿಡಿಯಲು ಕಲಿಸಿದ್ದು ಅವರು. ಕೊನೆಗೆ ಹಾಸಿಗೆ ಹಿಡಿದಾಗ ಒಂದು ದಿನ ನಾನು ಕೇಳಿದೆ, "ಅತ್ತೆ, ನಿಮಗೆ ಎಂಥ ಇಷ್ಟ?" ಎಷ್ಟು ಸತ್ತವರ ಇಷ್ಟ ಅವರಿಗೆ ಗೊತ್ತಿತ್ತು! ಅವರ ಇಷ್ಟ ನನಗೆ ಗೊತ್ತಿರಲಿಲ್ಲ. ಅವರು ಯಾವಾಗಲೂ ಕೊನೆಯಲ್ಲಿ, ನಿಂತುಕೊಂಡೇ, ಮಡಿಕೆಯ ತಳ ಕೆರೆದು ತಿಂದವರು.

"ಈ ಪ್ರಾಯಲಿ ಕೇಳ್ತೊಳೆ ನೋಡ್!" ಎಂದು ಬೈದು ಗೋಡೆಗೆ ತಿರುಗಿದರು. ಆಮೇಲೆ ಗೋಡೆಗೇ ಹೇಳಿದರು, "ಮೊದಲನೇ ಕಡ್ಬು. ಮಡಿಕೆಂದ ತೆಗ್ದ ಕೂಡ್ಲೆ. ಒಂದ್ ಸಲನೂ ತಿಂದಿಲ್ಲೆ."

ಮಾರನೆಯ ದಿನ ಕಡುಬು ಮಾಡಿದೆ. ಮೊದಲನೆಯದನ್ನು ತೆಗೆಯುವಾಗ ಅಣ್ಣ ಸಂತೆಗೆ ಹೊರಟು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಇದು ಅತ್ತೆಗೆ ಎನ್ನಲು ನನಗೆ ಬಾಯಿ ಬರಲಿಲ್ಲ. ಮೊದಲ ಎರಡು ಅವನಿಗೆ ಹಾಕಿ ಮೂರನೆಯದನ್ನು ಅತ್ತೆಗೆ ಕೊಂಡುಹೋದೆ. ಅವರು ನನ್ನ ಕಾಲು ನೋಡಿದರು. ತಿಂದರು. "ಬಿಸಿ ಉಟ್ಟು" ಎಂದರು. ಮೂರನೆಯದೆಂದು ಅವರಿಗೆ ಗೊತ್ತಾಗಿತ್ತು. ನಾಲ್ಕು ದಿನಕ್ಕೆ ತೀರಿಕೊಂಡರು.

ಆ ವರ್ಷದ ದೀಪಾವಳಿಗೆ ಅವರಿಗೆ ಎಲೆಯಿಲ್ಲ. ಅವರು ನಮ್ಮ ಮನೆಯವರಲ್ಲ ಎಂದ ನನ್ನ ಅಣ್ಣ. ಹುಟ್ಟಿದ ಮನೆಯವರು ಮನೆಹಾಳಿ ಎಂದರು. ಎರಡು ವರ್ಷ ಬಾಳಿದ ಗಂಡನ ಮನೆಯವರಿಗೆ ಅವರ ನೆನಪೇ ಇರಲಿಲ್ಲ. ಬದುಕಿದಷ್ಟು ಕಾಲವೂ ಸತ್ತವರಿಗೆ ಬಡಿಸಿದವರು, ಸತ್ತ ಮೇಲೆ ಒಂದು ಎಲೆಗೆ ಬಾರದವರಾದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಯಾವಾಗಲೂ ನಿಂತಂತೆ.

ಈ ಸಲ ನಿಲ್ಲುವುದಿಲ್ಲ. ಇದು ನನ್ನ ಮಗನ ಮನೆ. ಅಮಾವಾಸ್ಯೆಗೆ ಇನ್ನು ಹನ್ನೊಂದು ದಿನ. ನಿಮ್ಮ ಅಜ್ಜನ ಎಲೆಗೆ ಏಡಿ ಹಾಕುತ್ತೇನೆ, ಕೋಳಿ ಇಲ್ಲ. ಅದರ ಪಕ್ಕ ಇನ್ನೊಂದು ಎಲೆ ನಾನೇ ಹಾಕುತ್ತೇನೆ. ಮಡಿಕೆಯಿಂದ ತೆಗೆದ ಮೊದಲ ಕಡುಬು ಆ ಎಲೆಗೆ, ಆಮೇಲೆ ನಿಮ್ಮ ಅಜ್ಜನಿಗೆ, ಆಮೇಲೆ ಉಳಿದ ಹಿರಿಯರಿಗೆ. ಬಿಳಿ ಮೀಸೆಯವರು ಇದು ಯಾರದು ಎಂದು ಕೇಳುತ್ತಾರೆ. ಕೇಳಲಿ. ಹೇಳುತ್ತೇನೆ. ಗಂಟಲು ಕಟ್ಟಿದರೆ, ಬೆಳ್ಯಪ್ಪ, ನೀನು ಈ ಹಾಳೆಗಳನ್ನು ಅವರೆಲ್ಲರ ಎದುರು ಗಟ್ಟಿಯಾಗಿ ಓದಬೇಕು. ಎರಡು ಸಲ ಸಾರು ಹಾಕಿಸಿಕೊಂಡದ್ದನ್ನೂ ಬಿಡಬೇಡ.

ಅತ್ತೆಯ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ, ನೋಡಿದಿರಾ? ಅದನ್ನು ಹಾಳೆಯ ಮೇಲೆ ಅಲ್ಲ, ಎಲೆಯ ಮುಂದೆ ಮೊದಲು ಕರೆಯಬೇಕು. ಆ ದಿನ ಬೆಳಿಗ್ಗೆ ನಿಮ್ಮ ಮೂವರ ಕಿವಿಯಲ್ಲಿ ಹೇಳುತ್ತೇನೆ. ನನ್ನ ಕಾಲ ಮುಗಿದ ಮೇಲೂ ಪ್ರತಿ ವರ್ಷ ನೀವೇ ಕರೆಯಿರಿ.

ಅಲ್ಲಿಯವರೆಗೆ ಈ ಹಾಳೆಗಳು ಯಾರ ಕೈಗೂ ಸಿಗಬಾರದು. ಓದಿ ಆದ ಮೇಲೆ ಬಟ್ಟೆ ಸುತ್ತಿ ಅಕ್ಕಿಯ ಪೆಟ್ಟಿಗೆಯ ತಳದಲ್ಲಿ ಇಡಿ. ಸೀತಮ್ಮ, ಅಕ್ಕಿ ಅಳೆಯುವವಳು ನೀನು. ಇಲಿ ಮುಟ್ಟದಂತೆ ನೋಡಿಕೊ. ಒಲೆಯ ಹತ್ತಿರ ಮಾತ್ರ ಇಡಬೇಡ.